ಅರ್ಧ ರೊಟ್ಟಿಯ ತೀರ್ಪು

ಸೇಡಂನ ಸಾಬಮ್ಮನ ಲೆಕ್ಕದಲ್ಲಿ ಗಂಡಸರಲ್ಲಿ ಎರಡೇ ಬಗೆ. ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ಅರ್ಧವನ್ನು ಪಕ್ಕದವರ ತಾಟಿಗೆ ಇಡುವವರು ಒಂದು ಬಗೆ, ಇಡದವರು ಇನ್ನೊಂದು. ಮೊದಲಿನವರು ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಎರಡನೆಯವರು ನೋಡಿಕೊಳ್ಳುವುದಿಲ್ಲ. ಮನುಷ್ಯರನ್ನು ತಿಳಿಯಲು ಇದಕ್ಕಿಂತ ಹೆಚ್ಚಿನದು ಏನೋ ಬೇಕು ಎಂದು ಯಾರಾದರೂ ಹೇಳಲು ಹೋದರೆ ಆಕೆ ಮೂಗು ಮುರಿದು ಒಲೆಯ ಕಡೆ ತಿರುಗುತ್ತಿದ್ದಳು.

ಇಷ್ಟು ಕೇಳಿ ಆಕೆಯನ್ನು ಹುಂಬಳೆಂದು ತಿಳಿಯಬೇಡಿ. ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಸಾಬಮ್ಮ ಮತ್ತು ಆಕೆಯ ಗೆಳತಿ ಇಮಾಮ್ಬೀ ಸೇರಿ ನಡೆಸುವ ಕಟಕ ರೊಟ್ಟಿಯ ವ್ಯಾಪಾರಕ್ಕೆ ಊರಲ್ಲಿ ಒಳ್ಳೆಯ ಹೆಸರಿದೆ. ಬಿಳಿಜೋಳದ ಹಿಟ್ಟಿಗೆ ಕುದಿನೀರು ಸುರಿದು, ನಾದಿ, ಬಡಿದು, ಬೇಯಿಸಿ, ಗರಿಗರಿಯಾಗಿ ಒಣಗಿಸಿ ಪೇರಿಸಿಟ್ಟ ಅವರ ರೊಟ್ಟಿಗಳು ಮದುವೆ ಮನೆಗಳಿಗೆ ಹೋಗುತ್ತವೆ, ಖಾನಾವಳಿಗಳಿಗೆ ಹೋಗುತ್ತವೆ, ಹೈದರಾಬಾದಿನಲ್ಲಿ ಕೆಲಸಕ್ಕಿರುವವರ ಚೀಲ ಸೇರಿ ರೈಲು ಹತ್ತುತ್ತವೆ. ಸಾಬಮ್ಮನದು ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಓಣಿಯ ಈ ತುದಿಯಲ್ಲಿ ಆಕೆ ನಕ್ಕರೆ ಆ ತುದಿಯ ಹಿಟ್ಟಿನ ಗಿರಣಿಯವನು ಕಾರಣ ತಿಳಿಯದೆಯೇ ನಗುತ್ತಾನೆ.

ಆಕೆಗೆ ಬೇಕಾದದ್ದು ಒಂದೇ, ಮಾತು ಬೇಗ ಮುಗಿಯಬೇಕು. ಸೀರೆ ಅಂಗಡಿಯಲ್ಲಿ ಸೆರಗು ಮುಟ್ಟಿ ನೋಡಿದಳೆಂದರೆ ಮುಗಿಯಿತು, ಅಂಗಡಿಯವನು ಎರಡನೆಯ ಸೀರೆ ಬಿಚ್ಚುವಷ್ಟರಲ್ಲಿ ಮೊದಲನೆಯದು ಚೀಲದಲ್ಲಿರುತ್ತಿತ್ತು. ಸಕ್ಕರೆ ಕಾಯಿಲೆ ಎಂದರೇನೆಂದು ಡಾಕ್ಟರು ಚಿತ್ರ ಬರೆದು ವಿವರಿಸತೊಡಗಿದಾಗ, ಚಿತ್ರ ಆಮೇಲೆ ಬರೆಯಿರಿ, ಮಾವಿನಹಣ್ಣು ತಿನ್ನಬೇಕೋ ಬೇಡವೋ ಅಷ್ಟು ಹೇಳಿ ಎಂದವಳು. ಬೇಡ ಎಂದದ್ದಕ್ಕೆ ಬೇರೆ ಡಾಕ್ಟರನ್ನು ಹುಡುಕಿದವಳು.

ಆಕೆಯ ತಮ್ಮ ಮಾಣಿಕಪ್ಪ ಇದಕ್ಕೆ ತದ್ವಿರುದ್ಧ. ಅದೇ ಓಣಿಯಲ್ಲಿ ಮನೆ, ಆಡಕಿಯ ಕಡೆ ತೊಗರಿ ಹೊಲ. ಮಳೆ ಬರುತ್ತಿದೆಯೇ ಎಂದು ಆತನನ್ನು ಕೇಳಿದರೆ, ಆಡಕಿಯಲ್ಲಿ ಬರುತ್ತಿದೆ, ಇಲ್ಲಿ ಬಂದ ಹಾಗೆ ಕಾಣುತ್ತದೆ, ಆದರೆ ಇದನ್ನು ಮಳೆ ಎನ್ನಬಹುದೋ ಮೋಡದ ಹನಿ ಎನ್ನಬೇಕೋ ಎಂದು ಯೋಚಿಸುತ್ತ ತೊಯ್ದು ತೊಪ್ಪೆಯಾಗುವ ಮನುಷ್ಯ. ಒಮ್ಮೆ ಒಂದು ಎಮ್ಮೆ ಕೊಳ್ಳಲು ಹೋಗಿ ಅದರ ತಾಯಿ, ಅಜ್ಜಿ, ಹಿಂದಿನ ಮಾಲೀಕರು, ಅವರ ಹಿತ್ತಲಿನ ಹುಲ್ಲು ಎಲ್ಲವನ್ನೂ ವಿಚಾರಿಸುತ್ತಿದ್ದಾಗ ಎಮ್ಮೆ ಬೇರೆಯವರ ಕೊಟ್ಟಿಗೆಯಲ್ಲಿ ಕರು ಹಾಕಿತ್ತು. ಆತ ಒಳ್ಳೆಯವನು, ಬುದ್ಧಿವಂತನೂ ಹೌದು. ಆದರೆ ಪ್ರತಿ ಮಾತಿನ ಕೊನೆಗೆ ಒಂದು ‘ಆದರೆ’ ಇಟ್ಟುಕೊಂಡೇ ಓಡಾಡುವವನು.

ಹಾಗಾಗಿ ಕುಟುಂಬದಲ್ಲಿ ಒಂದು ವ್ಯವಸ್ಥೆ ತಾನಾಗಿಯೇ ಬೆಳೆದಿತ್ತು. ಹುಡುಗಿಯರಿಗೆ ಸಂಬಂಧ ನೋಡುವಾಗ ಮಾಣಿಕಪ್ಪ ನಾಲ್ಕೂ ತಾಲೂಕು ತಿರುಗಿ ವಿಷಯ ಕೂಡಿಹಾಕುವುದು, ಕೂಡಿಹಾಕಿದ್ದರ ಅಡಿಯಲ್ಲಿ ಆತನೇ ಸಿಕ್ಕಿಬಿದ್ದು ಒದ್ದಾಡುವುದು, ಆಮೇಲೆ ಸಾಬಮ್ಮ ಬಂದು ರೊಟ್ಟಿ ನೋಡಿ ತೀರ್ಪು ಹೇಳುವುದು. ಬೇರೆ ಮನೆಗಳಲ್ಲಿ ಕನ್ಯೆ ನೋಡಲು ಬಂದವರಿಗೆ ಅವಲಕ್ಕಿ, ಚಹಾ ಕೊಟ್ಟು ಕಳಿಸುತ್ತಾರೆ. ಇವರಲ್ಲಿ ಊಟ ಮಾಡಿಸದೆ ಬಿಡುವುದಿಲ್ಲ. ಪುಂಡಿ ಪಲ್ಯ, ಶೇಂಗಾ ಹಿಂಡಿ, ಬದನೆಕಾಯಿ, ಮಜ್ಜಿಗೆ, ನಡುವೆ ಸಾಬಮ್ಮನ ಕೈಯ ಅಗಲವಾದ ರೊಟ್ಟಿ. ವರ ಅದನ್ನು ಬಾಯಿಗೆ ಇಡುವ ಮೊದಲು ಏನು ಮಾಡುತ್ತಾನೆ ಎಂಬುದನ್ನು ಆಕೆ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಮುರಿದು ಅರ್ಧ ಪಕ್ಕದವರಿಗೆ ಕೊಟ್ಟರೆ ಲಗ್ನ ಆದಂತೆಯೇ.

ಈ ಪರೀಕ್ಷೆ ಆಕೆಗೆ ಪುಸ್ತಕದಿಂದ ಬಂದದ್ದಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಸೊಸೆಯರು ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದ ಕಾಲದಲ್ಲಿ, ಗಂಡ ಅಂಬರೇಶ ಮನೆಮಂದಿಯ ಎದುರೇ ತನ್ನ ರೊಟ್ಟಿ ಮುರಿದು ಅರ್ಧವನ್ನು ಆಕೆಗಾಗಿ ತೆಗೆದಿಟ್ಟ ಖಾಲಿ ತಾಟಿನಲ್ಲಿ ಹಾಕಿದ್ದ. ಅತ್ತೆ ಹುಬ್ಬೇರಿಸಿದ್ದಳು. ಸಾಬಮ್ಮ ಆವತ್ತೇ ನಿರ್ಧರಿಸಿದಳು, ಇವನ ಜೊತೆ ಬಾಳಬಹುದು ಎಂದು. ಬಾಳಿದಳು ಕೂಡ, ಬಹಳ ಚೆನ್ನಾಗಿ. ಇದಕ್ಕಿಂತ ಹೆಚ್ಚಿನ ಪುರಾವೆ ಆಕೆಗೆ ಬೇಕಿರಲಿಲ್ಲ. ಆ ಮೇಲೆ ಅಕ್ಕನ ಮಗಳು ಸುನಿತಾ ಇದೇ ಪರೀಕ್ಷೆಯ ಮೇಲೆ ವಾಡಿ ಸೇರಿದಳು. ಇನ್ನೊಬ್ಬಳು ಚಿಂಚೋಳಿಯ ಆಚೆ ಚಂದ್ರಂಪಳ್ಳಿಯ ಕಡೆ ಹೋದಳು. ಯಾರೂ ಕಣ್ಣೀರು ಹಾಕಿಕೊಂಡು ತವರಿಗೆ ಬರಲಿಲ್ಲ. ಸಾಬಮ್ಮನ ರೊಟ್ಟಿ ಸುಳ್ಳು ಹೇಳುವುದಿಲ್ಲ ಎಂಬ ಮಾತು ನೆಂಟರಲ್ಲಿ ಗಟ್ಟಿಯಾಯಿತು.

ಈ ವರ್ಷ ಮಾಣಿಕಪ್ಪನ ಮಗಳು ರಾಧಿಕಾಳ ಸರದಿ. ರಾಧಿಕಾ ಸೇಡಂನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅತ್ತೆಯ ನಗು ಆಕೆಗೂ ಬಂದಿದೆ, ಅಪ್ಪನ ‘ಆದರೆ’ ಸ್ವಲ್ಪವೂ ಬಂದಿಲ್ಲ. ವರ ಶಹಾಬಾದಿನ ಭೀಮು. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡವನು. ಕನ್ಯೆ ನೋಡಲು ಬಂದ ದಿನ, ಕುಳಿತ ಸ್ವಲ್ಪ ಹೊತ್ತಿಗೇ ಮೇಲೆ ನೋಡಿ, ಫ್ಯಾನಿನ ಬೇರಿಂಗ್ ಹೋಗಿದೆ, ಶಬ್ದ ಬರುತ್ತಿದೆ ಎಂದ. ಹುಡುಗಿಯನ್ನು ನೋಡಲು ಬಂದವನು ಫ್ಯಾನು ನೋಡುತ್ತಿದ್ದಾನೆ ಎಂದು ರಾಧಿಕಾ ಒಳಗಿನಿಂದಲೇ ಕಿಸಕ್ಕನೆ ನಕ್ಕಳು. ಅದು ಹೊರಗೂ ಕೇಳಿಸಿತು. ಭೀಮುವಿನ ಕಿವಿ ಕೆಂಪಾಯಿತು. ಆಮೇಲೆ ಕಟ್ಟೆಯ ಮೇಲೆ ಇಬ್ಬರನ್ನೂ ಸ್ವಲ್ಪ ಹೊತ್ತು ಮಾತಾಡಲು ಬಿಟ್ಟಾಗ ಇನ್ನೂ ಎರಡು ಸಲ ನಗು ಕೇಳಿಸಿತು, ಒಂದು ಸಲ ಅವನದು.

ಆಮೇಲೆ ಎಲ್ಲರೂ ಊಟಕ್ಕೆ ಕುಳಿತರು. ಸಾಬಮ್ಮ ಬಾಗಿಲ ಮರೆಯಲ್ಲಿ ನಿಂತಳು. ಭೀಮು ರೊಟ್ಟಿಯನ್ನು ಎರಡು ಮಾಡಿದ. ಆಕೆಯ ಮುಖ ಅರಳಿತು. ಆಮೇಲೆ ಆತ ಆ ಎರಡನ್ನು ನಾಲ್ಕು ಮಾಡಿದ, ನಾಲ್ಕನ್ನು ಎಂಟು. ಅಲ್ಲಿಗೂ ನಿಲ್ಲದೆ ಪೂರ್ತಿ ರೊಟ್ಟಿಯನ್ನು ಪುಡಿಪುಡಿ ಮಾಡಿ, ಬೇಳೆ ಸುರಿದುಕೊಂಡು, ಪಕ್ಕದಲ್ಲಿ ಕುಳಿತ ಮಾಣಿಕಪ್ಪನ ಕಡೆ ತಿರುಗಿಯೂ ನೋಡದೆ ಕಲಸಿದ. ಸಾಬಮ್ಮನ ಮುಖ ಬಾಡಿತು. ಇಷ್ಟು ಕೆಟ್ಟದಾಗಿ ನಪಾಸಾದ ವರನನ್ನು ಆಕೆ ಕಂಡಿರಲಿಲ್ಲ.

ಅವರು ಹೋದ ಮೇಲೆ ಆಕೆ ಒಂದೇ ಮಾತಿನಲ್ಲಿ ಬೇಡ ಎಂದಳು. ಶಹಾಬಾದಿನವರಿಗೆ ಚಿತ್ತಾಪುರದಿಂದ ಇನ್ನೊಂದು ಸಂಬಂಧವೂ ಬಂದಿತ್ತು. ಭಾನುವಾರದೊಳಗೆ ಹೌದು ಅಥವಾ ಇಲ್ಲ ತಿಳಿಸಿ ಎಂದು ಕೇಳಿ ಹೋಗಿದ್ದರು. ಮಾಣಿಕಪ್ಪ ಯಾವತ್ತಿನಂತೆ ಅಕ್ಕನ ಮಾತಿಗೆ ತಲೆಯಾಡಿಸಿ, ತಾನು ಸ್ವತಃ ನಿರ್ಧರಿಸುವ ಕಷ್ಟ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾದ. ರಾಧಿಕಾ ಮಾತ್ರ ತಾಟುಗಳನ್ನು ಎತ್ತಿ ತೊಳೆಯಲು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಅತ್ತೆಯ ಎದುರು ನಿಂತಳು.

“ಅತ್ತಿ, ನೀವು ಬ್ಯಾಡಂದ್ರ ನಾ ಜಗಳ ಮಾಡಂಗಿಲ್ಲ. ನನಗ ಆ ಹುಡುಗ ಮನಸಿಗಿ ಬಂದಾನ. ರೊಟ್ಟಿ ಬಿಟ್ಟು ಬ್ಯಾರೆ ಒಂದು ಕಾರಣ ಹೇಳ್ರಿ, ಸಾಕು.”

ರೊಟ್ಟಿ ಬಿಟ್ಟು ಬೇರೆ ಕಾರಣವನ್ನು ಸಾಬಮ್ಮ ಯೋಚಿಸಿಯೇ ಇರಲಿಲ್ಲ. ಮುಖ ಊದಿಸಿಕೊಂಡು ಮನೆಗೆ ನಡೆದಳು. ಈ ಹುಡುಗಿಯನ್ನು ಎತ್ತಿ ಆಡಿಸಿದ್ದು ತಾನು, ಮೊದಲ ಸಲ ರೊಟ್ಟಿ ಬಡಿಯಲು ಕಲಿಸಿದ್ದು ತಾನು. ಇವಳ ಬಾಳು ಹಾಳಾಗಬಾರದೆಂದೇ ಅಲ್ಲವೇ ಇಷ್ಟೆಲ್ಲ? ಮುಖ ಊದಿಸಿಕೊಂಡಿದ್ದರೂ ಅದು ಸಿಟ್ಟಲ್ಲ ಎಂದು ಆಕೆಗೇ ಗೊತ್ತಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಆಕೆ ಇಮಾಮ್ಬೀಗೆ ನಡೆದದ್ದನ್ನೆಲ್ಲ ಹೇಳಿದಳು. ಇಮಾಮ್ಬೀ ತೆಳ್ಳಗೆ, ಕಡಿಮೆ ಮಾತಿನವಳು, ಎಲ್ಲವನ್ನೂ ಕೇಳಿಸಿಕೊಂಡು ಹೂಂ ಎನ್ನುವವಳು. ಈ ಸಲ ಹೂಂ ಎನ್ನಲಿಲ್ಲ. ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

“ಪುಡಿ ಮಾಡ್ದ? ಅದು ಹ್ಯಾಂಗ ಆಯ್ತು ಸಾಬವ್ವ? ಜಾನಬಿ ಕಡಿಂದ ಅವ್ರ ಮನಿಗಿ ಎಲ್ಲಾ ಹೇಳಿ ಕಳ್ಸಿದ್ದೆನಲ್ಲ ನಾ. ಅರ್ಧ ಮುರಿ, ಬಾಜೂದವರ ತಾಟಿನಾಗ ಇಡು ಅಂತ.”

ಜಾನಬಿ ಎಂದರೆ ಶಹಾಬಾದಿನಲ್ಲಿರುವ ಇಮಾಮ್ಬೀಯ ತಂಗಿ. ಸಾಬಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. ಏನು ಹೇಳಿ ಕಳಿಸಿದ್ದು, ಯಾಕೆ ಕಳಿಸಿದ್ದು ಎಂದು ಕೇಳಿದರೆ ಇಮಾಮ್ಬೀಗೆ ಆಶ್ಚರ್ಯ. ಯಾವತ್ತೂ ಹೇಳಿ ಕಳಿಸುತ್ತೇನಲ್ಲ, ಸುನಿತಾಳ ಗಂಡ ರಮೇಶಕುಮಾರನಿಗೂ ಹೇಳಿದ್ದೆನಲ್ಲ, ಚಂದ್ರಂಪಳ್ಳಿಯ ಅಳಿಯನಿಗೂ ಹೇಳಿದ್ದೆನಲ್ಲ ಎಂದಳು. ಹುಡುಗಿಯ ಬಾಳು ಒಂದು ರೊಟ್ಟಿಯ ಮೇಲೆ ನಿಲ್ಲುವುದಾದರೆ ರೊಟ್ಟಿಯ ವಿಷಯ ವರನಿಗೆ ತಿಳಿದಿರುವುದು ಒಳ್ಳೆಯದಲ್ಲವೇ ಎಂಬುದು ಆಕೆಯ ವಾದ. ಆಕೆಯ ಮುಖದಲ್ಲಿ ತಪ್ಪು ಮಾಡಿದ ಲಕ್ಷಣ ಹುಡುಕಿದರೂ ಇರಲಿಲ್ಲ. ಈಗಂತೂ ಆಕೆ ಹೇಳುವ ಅಗತ್ಯವೂ ಉಳಿದಿಲ್ಲವಂತೆ. ಚಿತ್ತಾಪುರದ ಖಾನಾವಳಿಗಳಲ್ಲಿ ಹರೆಯದ ಹುಡುಗರು ರೊಟ್ಟಿ ಮುರಿದು ಒಬ್ಬರಿಗೊಬ್ಬರು ಕೊಡುತ್ತ, ಸೇಡಂಗೆ ಹೋಗಲು ತಯಾರಿ ನಡೆದಿದೆ ಎಂದು ನಗುತ್ತಾರಂತೆ.

ಅಷ್ಟರಲ್ಲಿ ಶಾಲೆಗೆ ಹೊರಟ ರಾಧಿಕಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತೆಯ ಪ್ರಶ್ನೆಪತ್ರಿಕೆ ಇಷ್ಟು ವರ್ಷದಿಂದ ಪರೀಕ್ಷೆಗೆ ಮೊದಲೇ ಬಯಲಾಗುತ್ತಿತ್ತು ಎಂದು ತಿಳಿದು, ಪಾಪ, ಆಕೆ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಆಕೆ ನಕ್ಕಳು, ಇಮಾಮ್ಬೀ ನಕ್ಕಳು. ಸಾಬಮ್ಮನ ಹಂಚಿನ ಮೇಲೆ ಮಾತ್ರ ರೊಟ್ಟಿ ಕರಿಯಾಗುತ್ತಿತ್ತು.

ಸಂಜೆ ಆಕೆ ಕಾಗಿಣಾ ದಂಡೆಗೆ ಹೋದಳು. ಅಲ್ಲಿ ಅಂಬರೇಶ ಬದನೆ ಗಿಡಗಳಿಗೆ ನೀರು ಬಿಡುತ್ತಿದ್ದ. ಹೊಳೆಯ ಪಕ್ಕದ ಆ ತುಂಡು ಜಮೀನು ಬಿಟ್ಟು ಆತನಿಗೆ ಬೇರೆ ಲೋಕ ಬೇಕಿಲ್ಲ. ಬೇರೆಯವರ ಮಾತು ಹಾಳಾಗಿ ಹೋಗಲಿ, ತನ್ನ ಗಂಡನ ರೊಟ್ಟಿಯಂತೂ ಯಾರೂ ಹೇಳಿಕೊಟ್ಟದ್ದಲ್ಲವಲ್ಲ ಎಂಬ ಧೈರ್ಯದಲ್ಲಿ ಆಕೆ ಕೇಳಿದಳು, ಆವತ್ತು ಅರ್ಧ ರೊಟ್ಟಿ ನನ್ನ ತಾಟಿನಲ್ಲಿ ಯಾಕೆ ಇಟ್ಟಿರಿ ಎಂದು. ಅಂಬರೇಶ ಸಲಿಕೆಯ ಮೇಲೆ ಕೈ ಊರಿ ನೆನಪು ಮಾಡಿಕೊಂಡ.

“ಆವತ್ತ? ದೋಸ್ತನ ಮನ್ಯಾಗ ಉಂಡು ಬಂದಿದ್ದೆ. ಹೊಟ್ಟ್ಯಾಗ ಜಾಗಾ ಇರ್ಲಿಲ್ಲ. ಬಿಟ್ರ ಅವ್ವ ಬೈತಾಳಂತ ನಿನ್ನ ತಾಟಿನಾಗ ಹಾಕ್ದೆ.”

ಸಾಬಮ್ಮ ಬದುವಿನ ಮೇಲೆ ಕುಳಿತಳು. ಒಂದು ಕ್ಷಣ ಅಳು ಬಂತು. ಮರುಕ್ಷಣ ಅದು ಎಲ್ಲಿಂದಲೋ ತಿರುಗಿ ನಗುವಾಯಿತು. ಎಂಥ ನಗು! ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಅಂಬರೇಶ ಏನೂ ತಿಳಿಯದೆ ತಾನೂ ನಕ್ಕ.

ನಗು ಇಳಿದ ಮೇಲೆ ಆಕೆಗೆ ಒಂದು ಪ್ರಶ್ನೆ ಹಿಡಿಯಿತು. ಅರ್ಧ ರೊಟ್ಟಿಯಲ್ಲಿ ಏನೂ ಇರಲಿಲ್ಲ ಎಂದರೆ ತನ್ನ ಸಂಸಾರ ಸುಖವಾಗಿದ್ದು ಹೇಗೆ? ಆಕೆ ಗಂಡನನ್ನು ನೋಡಿದಳು. ಮಗನಿಗೆ ಜ್ವರ ಬಂದಾಗ ಗೋಡೆಗೆ ಒರಗಿ ಕುಳಿತೇ ರಾತ್ರಿಗಳನ್ನು ಕಳೆದವನು. ರೊಟ್ಟಿ ಮಾರುವ ಕೆಲಸ ಶುರು ಮಾಡಿದಾಗ ಓಣಿಯ ಗಂಡಸರು ಆಡಿಕೊಂಡರೂ ಬುಟ್ಟಿ ತಲೆಯ ಮೇಲಿಟ್ಟು ಬಸ್ ಸ್ಟ್ಯಾಂಡಿಗೆ ನಡೆದವನು. ಜಗಳವಾಗಿ ಮಾತು ಬಿಟ್ಟ ದಿನವೂ ಆಕೆಯ ಕೊಡ ತುಂಬಿಟ್ಟೇ ಹೊಲಕ್ಕೆ ಹೋದವನು. ಸಿಟ್ಟು ಬಂದರೆ ಊಟ ಬಿಡುವ ಕೆಟ್ಟ ಚಟವೂ ಇತ್ತು, ಅದೂ ಇದರಲ್ಲಿಯೇ ಸೇರಿತ್ತು. ಇಷ್ಟೊಂದನ್ನು ನೆನಪಿನಲ್ಲಿ ಹೊರಲಾಗದೆ ಆಕೆ ಎಲ್ಲವನ್ನೂ ಒಂದು ರೊಟ್ಟಿಯಲ್ಲಿ ಸುತ್ತಿಟ್ಟಿದ್ದಳು. ಸುತ್ತಿಟ್ಟದ್ದು ತಪ್ಪಲ್ಲ. ಒಳಗೆ ಏನಿತ್ತೆಂಬುದನ್ನು ಮರೆತು, ಬರಿಯ ರೊಟ್ಟಿಯನ್ನೇ ಹಿಡಿದುಕೊಂಡು ಕಂಡಕಂಡವರನ್ನು ಅಳೆದದ್ದು ತಪ್ಪು.

ಹಾಗಾದರೆ ತಮ್ಮನ ದಾರಿಯೇ ಸರಿಯಿರಬೇಕು ಎಂದುಕೊಂಡ ಸಾಬಮ್ಮ ಮರುದಿನ ಮಾಣಿಕಪ್ಪನ ಎದುರು ಚಾಪೆ ಹಾಸಿ ಕುಳಿತು, ಭೀಮುವಿನ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳು ಎಂದಳು. ಇಂಥ ದಿನ ಬಂದೀತೆಂದು ಆತ ಕನಸಿನಲ್ಲೂ ಎಣಿಸಿರಲಿಲ್ಲ. ಖುಷಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಭೀಮುವಿನ ಅಜ್ಜ ಗುಂಡಗುರ್ತಿಯಿಂದ ಬಂದವನು, ಆದರೆ ಯಾಕೆ ಬಂದ ಎಂಬುದಕ್ಕೆ ಎರಡು ಕಥೆಗಳಿವೆ. ಸೋದರಮಾವ ಸಿಡುಕ, ಆದರೆ ಆತ ಈಗ ಬೇರೆ ಊರಲ್ಲಿದ್ದಾನೆ, ಆದರೆ ಹಬ್ಬಕ್ಕೆ ಬರುತ್ತಾನೆ. ದೊಡ್ಡಪ್ಪನ ಮಗ ಒಬ್ಬ ಕುಡಿಯುತ್ತಿದ್ದ, ಆದರೆ ಬಿಟ್ಟಿದ್ದಾನೆ, ಆದರೆ ಬಿಟ್ಟವರು ಮತ್ತೆ ಹಿಡಿದದ್ದೂ ಉಂಟು. ಮನೆ ಉತ್ತರಕ್ಕೆ ಮುಖ. ನೆರೆಯವರು ಒಳ್ಳೆಯವರು ಎನ್ನುತ್ತಾರೆ, ಆದರೆ ನೆರೆಯವರೇ ಎಂಥವರೋ ಅದನ್ನು ಇನ್ನೂ ವಿಚಾರಿಸಬೇಕು.

ಚಹಾ ಎರಡು ಸಲ ಬಂತು. ಸಾಬಮ್ಮನ ತಲೆ ಗಿರ್ರೆಂದಿತು. ಆದರೂ ಈ ಸಲ ಆಕೆ ಎದ್ದು ಹೋಗಲಿಲ್ಲ, ನಡುವೆ ಬಾಯಿ ಹಾಕಲೂ ಇಲ್ಲ. ಕೇಳುತ್ತ ಕೇಳುತ್ತ ಆಕೆಗೆ ಒಂದು ವಿಷಯ ಕಾಣತೊಡಗಿತು. ತನ್ನ ಹಳೆಯ ತೀರ್ಪುಗಳು ಸರಿಹೋದದ್ದು ಸುಮ್ಮನೆ ಅಲ್ಲ. ಕೆಟ್ಟ ಮನೆಗಳನ್ನೆಲ್ಲ ಈ ಪುಣ್ಯಾತ್ಮ ಮೊದಲೇ ಸೋಸಿ ತೆಗೆದಿರುತ್ತಿದ್ದ, ಉಳಿದವರಲ್ಲಿ ಯಾರನ್ನು ಆರಿಸಿದರೂ ನಡೆಯುತ್ತಿತ್ತು. ಹೆಸರು ಮಾತ್ರ ರೊಟ್ಟಿಗೆ ಬರುತ್ತಿತ್ತು. ತಮ್ಮನ ಮೇಲೆ ಆಕೆಗೆ ಒಮ್ಮೆಲೇ ಬಹಳ ಪ್ರೀತಿ ಉಕ್ಕಿತು. ಆದರೆ ಆತ ಹೇಳುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಅಜ್ಜನ ಮಾತು, ಮಾವನ ಮಾತು, ನೆರೆಯವರ ಮಾತು. ಅವೆಲ್ಲವನ್ನೂ ಒಂದೊಂದಾಗಿ ಬದಿಗೆ ಸರಿಸಿದರೆ ಕೊನೆಗೆ ಉಳಿದದ್ದು ಭೀಮು ಮತ್ತು ರಾಧಿಕಾ. ಅವನು ತನ್ನ ಮನೆಯಲ್ಲಿ ಹೇಗಿರುತ್ತಾನೆ? ಅವನ ಜೊತೆ ಇವಳು ಹಗುರಾಗಿ ಇರಬಲ್ಲಳೇ? ಇದಕ್ಕೆ ಉತ್ತರ ಸೇಡಂನಲ್ಲಿ ಚಾಪೆಯ ಮೇಲೆ ಕುಳಿತರೆ ಸಿಗುವುದಿಲ್ಲ. ಹೋಗಬೇಕು, ನೋಡಬೇಕು, ಕೇಳಬೇಕು. ಅಷ್ಟೇ.

ಭಾನುವಾರ ವರನ ಮನೆ ನೋಡಲು ಹೋಗೋಣ, ರಾಧಿಕಾಳೂ ಬರಲಿ ಎಂದು ಆಕೆ ಹೇಳಿದಾಗ ಮಾಣಿಕಪ್ಪ ಹೌಹಾರಿದ. ಮನೆ ನೋಡಲು ಹಿರಿಯರು ಹೋಗುವುದುಂಟು, ಕನ್ಯೆಯನ್ನು ಕರೆದುಕೊಂಡು ಹೋದದ್ದನ್ನು ಯಾರೂ ಕೇಳಿಲ್ಲ, ಮಂದಿ ಏನಂದಾರು ಎಂದ.

“ಅಲ್ಲಿ ಬಾಳೆ ಮಾಡಾಕಿ ಆಕಿ, ತಮ್ಮಾ. ಒಲಿ, ಬಚ್ಚಲ, ಅಂಗಳ ನಾ ನೋಡಿ ಏನ್ ಮಾಡ್ಲಿ?”

ಈ ಮಾತಿಗೆ ಆತ ‘ಆದರೆ’ ಎಂದು ಶುರು ಮಾಡುವಷ್ಟರಲ್ಲಿ ಆಕೆ ಎದ್ದು ಚಾಪೆ ಸುತ್ತತೊಡಗಿದ್ದಳು.

ರೈಲಿನಲ್ಲಿ ಸಾಬಮ್ಮ ಕಿಟಕಿಯ ಪಕ್ಕ, ಎದುರಿಗೆ ಹೊಸ ಸೀರೆಯಲ್ಲಿ ರಾಧಿಕಾ, ನಡುವೆ ಬುತ್ತಿ ಹಿಡಿದ ಮಾಣಿಕಪ್ಪ. ಕಡಲೆ ಹೊಲಗಳು, ಬಿಳಿ ಧೂಳಿನ ಕಾರ್ಖಾನೆ, ಚಿತ್ತಾಪುರ ಎಲ್ಲ ಹಿಂದೆ ಹೋದವು. ವಾಡಿಯಲ್ಲಿ ರೈಲು ಬದಲಿಸಬೇಕಾದ್ದರಿಂದ ನಡುವಿನ ಹೊತ್ತಿಗೆ ಸುನಿತಾಳ ಮನೆಗೆ ಹೋದರು. ಸುನಿತಾ ಊಟಕ್ಕೆ ಬಡಿಸಿಯೇ ಬಿಟ್ಟಳು. ಗಂಡ ರಮೇಶಕುಮಾರ ಮೈಮರೆತು ರೊಟ್ಟಿಯನ್ನು ಪುಡಿ ಮಾಡುತ್ತಿದ್ದವನು, ಸಾಬಮ್ಮ ತನ್ನ ಕಡೆ ನೋಡುತ್ತಿರುವುದನ್ನು ಕಂಡು ಗಾಬರಿಯಾಗಿ, ಕೈಯಲ್ಲಿ ಉಳಿದಿದ್ದ ತುಂಡನ್ನು ಮಾಣಿಕಪ್ಪನ ತಾಟಿಗೆ ಹಾಕಿದ. ಸುನಿತಾ ನೆತ್ತಿಗೆ ಹತ್ತುವಷ್ಟು ನಕ್ಕಳು.

“ಇರ್ಲಿ ಬಿಡಪ್ಪ,” ಎಂದಳು ಸಾಬಮ್ಮ, “ನಿನ್ನ ಪರೀಕ್ಷಾ ಮುಗದು ಭಾಳ ವರ್ಷ ಆಯ್ತು. ಬೇಕಾದಂಗ ಉಣ್ಣು.”

ಆಗ ಆತ ಎಲ್ಲವನ್ನೂ ಹೇಳಿದ. ಅರ್ಧ ಮುರಿಯುವುದು ಕೇಳಿದಷ್ಟು ಸುಲಭವಲ್ಲವಂತೆ. ಕಟಕ ರೊಟ್ಟಿ ಎಲ್ಲೆಂದರಲ್ಲಿ ಒಡೆಯುತ್ತದೆ. ಸರಿಯಾಗಿ ಎರಡಾಗಲೆಂದು ಅವನು ಮನೆಯಲ್ಲಿ ಅಭ್ಯಾಸ ಮಾಡಿ ಮಾಡಿ, ಒಡೆದ ಚೂರುಗಳನ್ನು ಮನೆಮಂದಿಯೆಲ್ಲ ಬೇಸರ ಬರುವವರೆಗೆ ತಿಂದಿದ್ದರಂತೆ. ಸಾಬಮ್ಮ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಒಂದು ಹುಡುಗಿಗಾಗಿ ಇಷ್ಟು ಪಾಡು ಪಟ್ಟವನನ್ನು ಮೋಸಗಾರ ಎನ್ನಬೇಕೋ ಒಳ್ಳೆಯ ಗಂಡ ಎನ್ನಬೇಕೋ? ಆಕೆಯ ಎರಡು ಬಗೆಗಳಲ್ಲಿ ಯಾವುದಕ್ಕೂ ಅವನು ಸೇರಲಿಲ್ಲ. ಸೇರದಿದ್ದರೂ ಸುನಿತಾ ಮೈಕೈ ತುಂಬಿಕೊಂಡು ನಗುತ್ತ ಎದುರಿಗೆ ಓಡಾಡುತ್ತಿದ್ದಳು.

ಶಹಾಬಾದಿನ ಭೀಮುವಿನ ಮನೆಗೆ ಅವರು ಬಂದಾಗ ಇಳಿಹೊತ್ತು. ಕಲ್ಲಿನ ಗೋಡೆ, ಕಲ್ಲಿನ ಹಾಸು, ಕಾಲಿಟ್ಟರೆ ತಂಪು. ಮುಂದಿನ ಕೋಣೆಯೇ ಅಂಗಡಿ. ತಾಮ್ರದ ತಂತಿಯ ಸುರುಳಿಗಳು, ಹೊಟ್ಟೆ ಬಿಚ್ಚಿ ಮಲಗಿಸಿದ ಮೋಟಾರುಗಳು. ಕನ್ಯೆಯೂ ಬಂದಿರುವುದನ್ನು ಕಂಡು ಭೀಮುವಿನ ತಾಯಿ ಒಂದು ಕ್ಷಣ ತಬ್ಬಿಬ್ಬಾದರೂ, ಬರ್ರಿ, ಕುಂದ್ರಿ ಎಂದು ಕೈಹಿಡಿದು ಒಳಗೆ ಕರೆದುಕೊಂಡಳು. ಸಾಬಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ರಾಧಿಕಾಳಿಗೆ ಮನೆಯೆಲ್ಲ ತಿರುಗಿ ನೋಡು, ಕೇಳಬೇಕಾದದ್ದನ್ನು ಕೇಳು, ಅವಸರವಿಲ್ಲ ಎಂದಳು. ಅವಸರವಿಲ್ಲ ಎಂಬ ಮಾತು ಅಕ್ಕನ ಬಾಯಿಂದ ಬಂದದ್ದನ್ನು ಕೇಳಿ ಮಾಣಿಕಪ್ಪ ಆಕೆಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಹಣೆ ನೋಡಿದ.

ರಾಧಿಕಾ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತಿದ್ದು ಅಂಗಡಿಗೆ ಬಂದಳು. ಬಾಗಿಲು ತೆರೆದೇ ಇತ್ತು. ಮದುವೆಯಾದ ಮೇಲೂ ಸೇಡಂನ ಶಾಲೆ ಬಿಡುವುದಿಲ್ಲ, ದಿನಾ ರೈಲಿನಲ್ಲಿ ಹೋಗಿ ಬರುವುದು ಹೇಗೆ ಎಂದು ಆಕೆ ಕೇಳುತ್ತಿದ್ದಳು. ಭೀಮು ಸುಲಭ ಎಂದೂ ಹೇಳಲಿಲ್ಲ, 'ಆಗುವುದಿಲ್ಲ' ಎಂದೂ ಹೇಳಲಿಲ್ಲ. ಯಾವ ರೈಲು ಯಾವಾಗ ತಡ, ಮಳೆಗಾಲದಲ್ಲಿ ಏನು ಮಾಡಬೇಕು, ಚಿತ್ತಾಪುರದಲ್ಲಿ ಮನೆ ಮಾಡಿದರೆ ಇಬ್ಬರಿಗೂ ಅರ್ಧ ದಾರಿಯಾಗುತ್ತದಲ್ಲ ಎಂದೆಲ್ಲ ಇಬ್ಬರೂ ಒಂದು ಮೋಟಾರಿನ ಆಚೆ ಈಚೆ ಕುಳಿತು ಜಗಳವಾಡುವವರಂತೆ ಚರ್ಚೆ ಮಾಡಿದರು. ಸಾಬಮ್ಮ ಮಾತುಗಳಿಗೆ ಅಷ್ಟಾಗಿ ಕಿವಿಗೊಡಲಿಲ್ಲ. ಆಕೆ ರಾಧಿಕಾಳ ಮುಖ ನೋಡುತ್ತಿದ್ದಳು.

ಊಟಕ್ಕೆ ಕುಳಿತಾಗ ಭೀಮುವಿನ ಎದುರು ರೊಟ್ಟಿ ಬಂತು. ಮನೆಯವರೆಲ್ಲರ ಕಣ್ಣು ಅದರ ಮೇಲೆ ನೆಟ್ಟಿತು. ಸಾಬಮ್ಮ ಇಷ್ಟು ವರ್ಷಗಳಲ್ಲಿ ಯಾವ ವರನನ್ನೂ ಕೇಳದಿದ್ದ ಒಂದು ಪ್ರಶ್ನೆಯನ್ನು ಆಗ ಕೇಳಿದಳು.

“ಅಪ್ಪಾ, ಆವತ್ತು ನೀ ರೊಟ್ಟಿ ಯಾಕ ಪುಡಿ ಮಾಡಿದಿ? ನಿನಗ ಯಾರೂ ಹೇಳಿರ್ಲಿಲ್ಲೇನು?”

ಭೀಮು ತಾಟಿನಿಂದ ಕೈ ತೆಗೆದ. “ಹೌದ್ರಿ, ಹೇಳಿದ್ರು. ಜಾನಬಿ ಖಾಲಾ ಹೇಳಿದ್ರು, ಅವ್ವನೂ ಹೇಳಿದ್ಳು. ಎರಡು ಮಾಡೂತನಕ ನೆಪ್ಪಿತ್ರಿ.” ಆಮೇಲೆ ರಾಧಿಕಾಳ ಕಡೆ ಒಮ್ಮೆ ನೋಡಿದ, ಅವನ ಕಿವಿಗಳು ಮತ್ತೆ ಕೆಂಪಾದವು. “ಅಷ್ಟರಾಗ ಇವರು ಮಜ್ಜಿಗಿ ತಗೊಂಡು ಬಂದ್ರು. ಮುಂದ ಕೈ ಏನ್ ಮಾಡ್ತು, ನನಗ ಗೊತ್ತಿಲ್ರಿ.”

ಮೊದಲು ನಕ್ಕವಳು ಭೀಮುವಿನ ತಾಯಿ. ಆಮೇಲೆ ಸಾಬಮ್ಮನ ನಗು ಶುರುವಾಯಿತು, ಅದು ಶುರುವಾದ ಮೇಲೆ ಬೇರೆ ಯಾರ ನಗುವೂ ಪ್ರತ್ಯೇಕವಾಗಿ ಕೇಳಿಸಲಿಲ್ಲ. ಆವತ್ತು ಬಾಗಿಲ ಮರೆಯಲ್ಲಿ ನಿಂತು ಆಕೆ ಅವನ ಕೈಯನ್ನೇ ನೋಡುತ್ತಿದ್ದಳು. ಒಂದು ಸಲ ಕಣ್ಣೆತ್ತಿ ಅವನ ಮುಖ ನೋಡಿದ್ದರೆ ಸಾಕಿತ್ತು. ರಾಧಿಕಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ್ದಳು, ಭುಜಗಳು ಮಾತ್ರ ಕುಲುಕುತ್ತಿದ್ದವು.

ನಗು ನಿಂತ ಮೇಲೆ ಎಲ್ಲರೂ ಸಾಬಮ್ಮನ ತೀರ್ಪಿಗೆ ಕಾದರು. ಮಾಣಿಕಪ್ಪನೂ ಕಾದ. ಆಕೆ ತಲೆಯಾಡಿಸಿದಳು.

“ನನಗ ಗೊತ್ತಾಗಂಗಿಲ್ಲ. ರಾಧಿಕಾ, ನೀ ಹೇಳವ್ವ.”

ರಾಧಿಕಾ ಗೋಡೆಯ ಕಡೆಯಿಂದ ಈಚೆ ತಿರುಗಿದಳು. ಕಣ್ಣಲ್ಲಿ ನಗುವಿನ ನೀರಿತ್ತು. ಅಪ್ಪನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಭೀಮುವನ್ನು ನೋಡಲಿಲ್ಲ. “ನನಗ ಒಪ್ಪಿಗಿ ಅದ ಅಪ್ಪಾ,” ಎಂದಳು. ಭೀಮುವಿನ ತಾಯಿ ಸಕ್ಕರೆ ಡಬ್ಬಿ ತರಲು ಎದ್ದಳು.

ಮರಳುವಾಗ ಶಹಾಬಾದ್ ಸ್ಟೇಷನ್ನಿನ ಬೆಂಚಿನ ಮೇಲೆ ಮೂವರೂ ರೈಲಿಗೆ ಕಾಯುತ್ತಿದ್ದರು. ರಾಧಿಕಾ ಸ್ವಲ್ಪ ದೂರ ಹೋಗಿ ಫೋನಿನಲ್ಲಿ ಇಮಾಮ್ಬೀಗೆ ಸುದ್ದಿ ಹೇಳುತ್ತಿದ್ದಳು. ಮಾಣಿಕಪ್ಪ ಅಕ್ಕನ ಹತ್ತಿರ ಸರಿದ. ಅವನ ಮುಖದಲ್ಲಿ ಚೇಷ್ಟೆಯಿರಲಿಲ್ಲ, ಮಗಳ ಅಪ್ಪನ ಹೆದರಿಕೆಯಿತ್ತು.

“ಅಕ್ಕ, ಹುಡುಗ ಛಲೋ ಅದಾನ, ಖರೆ. ಆದ್ರ ಮುಂದ ಏನಾರ ಹೆಚ್ಚುಕಡಿಮಿ ಆದ್ರ?”

ಹಿಂದಿನ ಸಾಬಮ್ಮನಾಗಿದ್ದರೆ ಏನೂ ಆಗುವುದಿಲ್ಲ, ರೊಟ್ಟಿ ನೋಡಿದ್ದೇನೆ ಎನ್ನುತ್ತಿದ್ದಳು. ಆಕೆ ತಮ್ಮನ ಬೆನ್ನ ಮೇಲೆ ಕೈಯಿಟ್ಟಳು.

“ಆದ್ರ ನಾವು ಇರ್ತೀವಲ್ಲ,” ಎಂದಳು.

ಮಾಣಿಕಪ್ಪ ಈ ಮಾತನ್ನು ಆ ಕಡೆ ಈ ಕಡೆ ತಿರುವಿ ನೋಡಿದ. ಸೇರಿಸಲು ಒಂದು ‘ಆದರೆ’ಯೂ ಸಿಗಲಿಲ್ಲ. ದೂರದಲ್ಲಿ ರೈಲು ಕೂಗಿತು, ಅವನು ಚೀಲ ಎತ್ತಿಕೊಂಡು ಮಗಳನ್ನು ಕರೆದ.